ಗಿಣಿ ತಿದ್ದಿದ ಹೃದಯ

ಎಕ್ಸ್‌ರೇ ಅಕ್ಕ ಅಂದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಎಡಗಾಲಿನ ಬದಲು ಬಲಗಾಲನ್ನು ಯಂತ್ರದ ಕೆಳಗಿಟ್ಟವಳಲ್ಲ. "ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಬಿಡಿ." ದಿನಕ್ಕೆ ಅರವತ್ತು ಸಲ, ಇಷ್ಟೇ ಮಾತು. ಅದಕ್ಕೇ ಇರಬೇಕು, ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪಾಠ ಓದಿ ರೆಕಾರ್ಡ್ ಮಾಡಿಕೊಡುವ ಸೇವಾ ಸಂಘಕ್ಕೆ ಸೇರಬೇಕೆಂಬ ಆಸೆ ಅವಳಲ್ಲಿ ಬಹಳ ವರ್ಷಗಳಿಂದ ಇತ್ತು.

ಕೊನೆಗೂ ಹೋದಳು. ಒಬ್ಬಳೇ ಹೋಗಲು ಸಂಕೋಚವಾಗಿ ಓರಗಿತ್ತಿಯನ್ನೂ ಜೊತೆಗೆ ಕರೆದೊಯ್ದಳು. ಅಲ್ಲೇ ಎಡವಟ್ಟಾಯಿತು. ಮೈದುನನ ಹೆಂಡತಿಯಾದ ಇವಳಿಗೆ ಮನೆಯಲ್ಲಿಟ್ಟ ಹೆಸರೇ ಗಿಣಿ. ಬಟ್ಟೆ ಅಂಗಡಿಯಲ್ಲಿ ಕೆಲಸ. ಕರವಸ್ತ್ರ ಕೇಳಿ ಬಂದವರಿಗೆ ಪರದೆ ಬಟ್ಟೆ ಕೊಟ್ಟು ಕಳಿಸುವಷ್ಟು ಬಾಯಿ.

ಸಂಘದಲ್ಲಿ ಮೂರು ತಿಂಗಳು ಕೆಲಸ ನೋಡಿ, ಆಮೇಲೆ ಸದಸ್ಯತ್ವ ಕೊಡುತ್ತಿದ್ದರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಪುಸ್ತಕ ಹಿಡಿದು ಕೇಳಿ, ತಪ್ಪುಗಳನ್ನು ಚೀಟಿಯಲ್ಲಿ ಬರೆದು ಸಹಿ ಹಾಕಬೇಕು; ಆಮೇಲೆಯೇ ರೆಕಾರ್ಡ್ ವಿದ್ಯಾರ್ಥಿಗಳ ಕೈಸೇರುತ್ತಿತ್ತು. ಎರಡನೇ ತಿಂಗಳಲ್ಲಿ, ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಕಾರ್ಯದರ್ಶಿಯ ಬಳಿ ಬಂದಳು.

"ಸರ್, ಮುಂದಿನ ಪಾಠಗಳನ್ನೆಲ್ಲ ಆ ಬಟ್ಟೆ ಅಂಗಡಿ ಆಂಟಿನೇ ಓದ್ಲಿ. ಇನ್ನೊಬ್ರದ್ದು ಬಸ್‌ಸ್ಟ್ಯಾಂಡಲ್ಲಿ ಕೂಗೋ ಥರ ಇರುತ್ತೆ."

ಆ ಇನ್ನೊಬ್ಬಳು ಎರಡಡಿ ದೂರದಲ್ಲೇ ನಿಂತಿದ್ದಳು. ಕಾರ್ಯದರ್ಶಿ ಕೆಮ್ಮಿದರು. ಎಕ್ಸ್‌ರೇ ಅಕ್ಕ ರೋಗಿಗಳಿಗೆ ತಾನೇ ಹೇಳುವಂತೆ ಉಸಿರು ಹಿಡಿದುಕೊಂಡಳು, ಬಿಡಲಿಲ್ಲ.

ಅಂದಿನಿಂದ ಅವಳ ಪಾಲಿಗೆ ಉಳಿದದ್ದು ಕೇಳುವ ಕೆಲಸ. ನಾನು ಕರೆತಂದವಳು, ನನ್ನ ಬೆನ್ನ ಹಿಂದೆ ಮೆಟ್ಟಿಲು ಹತ್ತಿದವಳು! ಗಿಣಿ 'ಶ್ವಾಸಕೋಶ' ಎನ್ನುವಲ್ಲಿ ನಾಲಗೆ ತೊಡರಿದರೆ ಅಕ್ಕನಿಗೆ ಮೈಯೆಲ್ಲ ತಂಪು. ಮರುಕ್ಷಣ ಅವಳು ನಕ್ಕು ಸರಿಮಾಡಿಕೊಂಡರೆ ಮತ್ತೆ ಉರಿ.

ಮೂರನೇ ತಿಂಗಳ ಕೊನೆಯ ವಾರ, ಮಂಗಳವಾರ, ಹೃದಯದ ಪಾಠ ಬಂತು.

"ನೋಡಮ್ಮ," ರೆಕಾರ್ಡಿನಲ್ಲಿ ಗಿಣಿ ಹೇಳುತ್ತಿದ್ದಳು, "ಚಿತ್ರದಲ್ಲಿ ಎಡಗಡೆ ಇರೋ ಕೋಣೆಗೆ ಬಲ ಅಂತ, ಬಲಗಡೆಯದಕ್ಕೆ ಎಡ ಅಂತ ಅಚ್ಚು ಹಾಕ್ಬಿಟ್ಟಿದ್ದಾರೆ. ಪಾಪ, ಯಾವ ನಿದ್ದೆಗಣ್ಣಲ್ಲಿದ್ರೋ! ನಾನು ಸರಿಮಾಡಿ ಹೇಳ್ತೀನಿ. ಮೈಗೆಲ್ಲ ರಕ್ತ ತಳ್ಳೋ ದಪ್ಪ ಗೋಡೆಯ ಕೋಣೆ ಬಲಗಡೆ."

ಅಕ್ಕ ರೆಕಾರ್ಡ್ ನಿಲ್ಲಿಸಿದಳು. ಚಿತ್ರದ ಹೃದಯ ನಮ್ಮೆದುರು ನಿಂತವರದ್ದು. ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಇದು ಅವಳ ದಿನನಿತ್ಯದ ಕಸುಬು. ಭಾನುವಾರದ ಸದಸ್ಯತ್ವದ ಸಭೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು ರೆಕಾರ್ಡಾದ ಒಂದು ಪಾಠ ಕೇಳುವವರಿದ್ದರು. ಇದನ್ನೇ ಕೇಳಲಿ. ಎಲ್ಲರೆದುರು ಗಿಣಿಯ ಮುಖ ಸಣ್ಣದಾಗಲಿ. ನನ್ನನ್ನು ಕೇಳಿದರೆ, ನನ್ನ ಕಿವಿಗೂ ತಪ್ಪಿಹೋಯಿತು ಎಂದರಾಯಿತು. ಚೀಟಿಯಲ್ಲಿ 'ತಪ್ಪಿಲ್ಲ' ಎಂದು ಬರೆದು ಸಹಿ ಹಾಕಿದಳು.

ಶನಿವಾರ ಆ ಹುಡುಗಿ ಸಂಘಕ್ಕೆ ಬಂದು ಅಕ್ಕನನ್ನು ಮಾತಾಡಿಸಿದಳು. ಸೋಮವಾರ ಪರೀಕ್ಷೆ.

"ಒಂದ್ಸಲ ಒಪ್ಪಿಸ್ತೀನಿ, ಕೇಳ್ತೀರಾ ಆಂಟಿ? ದಪ್ಪ ಗೋಡೆಯ ಕೋಣೆ ಬಲಗಡೆ..."

"ಪಾಠದಲ್ಲಿ ಎಡ ಅಂತ ಇದೆಯಲ್ಲ?"

"ಅದು ಅಚ್ಚಿನ ತಪ್ಪಂತೆ. ಬಟ್ಟೆ ಅಂಗಡಿ ಆಂಟಿನೇ ಹೇಳಿದ್ದಾರೆ."

ಪುಸ್ತಕಕ್ಕಿಂತ ಗಿಣಿಯ ಮೇಲೇ ನಂಬಿಕೆ! ಆದರೆ ಸೋಮವಾರ ಆ ಮಾತನ್ನು ಉತ್ತರಪತ್ರಿಕೆಯಲ್ಲಿ ಬರೆಸುವವಳು ಗಿಣಿಯಲ್ಲ, ಈ ಹುಡುಗಿ.

"ಇಲ್ಲಿ ಬಾ. ನಾನೇ ಚಿತ್ರ ಅಂದ್ಕೋ. ಎರಡೂ ಕೈ ನೇರ ಮುಂದೆ ಚಾಚು. ನನ್ನ ಬಲಭುಜ ನಿನ್ನ ಯಾವ ಕೈಗೆ ಸಿಕ್ತು?"

"ಎಡಗೈಗೆ." ಹುಡುಗಿ ಒಂದು ಕ್ಷಣ ತಡೆದಳು. "ಅಯ್ಯೋ! ಹಾಗಾದ್ರೆ ಪುಸ್ತಕವೇ ಸರಿ!"

"ಪುಸ್ತಕವೇ ಸರಿ."

"ಮತ್ತೆ ಚೆಕ್ ಮಾಡಿದೋರು ಗಮನಿಸ್ಲಿಲ್ವಾ?"

ಕಾರ್ಯದರ್ಶಿ ಮೇಜಿನಿಂದ ತಲೆಯೆತ್ತಿದರು. ತಪ್ಪಿಹೋಯಿತು ಎನ್ನಲು ಅಕ್ಕನಿಗೆ ಅರೆಕ್ಷಣ ಸಾಕಿತ್ತು.

"ಗಮನಿಸಿದ್ದೆ. ಮಂಗಳವಾರವೇ. ಬೇಕಂತಲೇ ಬರೀಲಿಲ್ಲ."

ಕಾರ್ಯದರ್ಶಿ ಬಯ್ಯಲಿಲ್ಲ. ಚೀಟಿ ಹುಡುಕಿ, ಸಹಿ ನೋಡಿ, "ಇನ್ನೂ ಮೂರು ತಿಂಗಳು ನೋಡೋಣಮ್ಮ," ಎಂದರಷ್ಟೆ. ಗಿಣಿಯ ಸದಸ್ಯತ್ವಕ್ಕೆ ಅಡ್ಡಿಯಿರಲಿಲ್ಲ. ಹೊಸಬರ ತಪ್ಪು ಹಿಡಿಯಲೆಂದೇ ಅಲ್ಲವೇ ಚೀಟಿ ಇರುವುದು.

ಹುಡುಗಿ ಹೊರಡುತ್ತಾ, "ಉಳಿದವರಿಗೋಸ್ಕರ ಅದನ್ನ ಇನ್ನೊಂದ್ಸಲ ಓದಿಸ್ತೀರಲ್ವಾ? ಬಟ್ಟೆ ಅಂಗಡಿ ಆಂಟಿ ದನಿಯಲ್ಲೇ?" ಎಂದಳು.

"ಅವಳ ದನಿಯಲ್ಲೇ," ಎಂದಳು ಅಕ್ಕ.

ಮಧ್ಯಾಹ್ನ ಗಿಣಿ ಬಂದಳು. ವಿಷಯ ಕೇಳಿ, "ಅಲ್ಲಕ್ಕಾ, ಮಂಗಳವಾರ ಜೊತೇಲೇ ಕೂತು ಟೀ ಕುಡಿದ್ವಲ್ಲ, ಆಗಲೇ ನನ್ನ ಕಿವಿ ಹಿಂಡಬಾರದಿತ್ತಾ?" ಎಂದಳು.

"ಹೊಟ್ಟೆಕಿಚ್ಚು ಕಣೇ."

"ನನ್ನ ಮೇಲಾ? ನನ್ನ ಹತ್ರ ಏನಿದೆ ಅಂತ?"

"ದನಿ."

ಗಿಣಿ ಕುರ್ಚಿಯನ್ನು ಅಕ್ಕನ ಹತ್ತಿರ ಎಳೆದುಕೊಂಡಳು. ಮೆಲ್ಲಗೆ, "ಈಗ ಹೋಯ್ತಾ?" ಎಂದಳು.

"ಎಲ್ಲಿ ಹೋಗುತ್ತೆ? ಇದೆ. ನೀನು ಓದು, ನಾನು ಕೇಳ್ತೀನಿ."

ಅಕ್ಕ ಪುಸ್ತಕ ಬಿಚ್ಚಿ ರೆಕಾರ್ಡ್ ಗುಂಡಿ ಒತ್ತಿದಳು. ಗಿಣಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು: "ಹೋದ ಸಲ ನಾನು ತಪ್ಪು ಹೇಳಿದ್ದೆ. ಅದನ್ನ ತಿದ್ದಿದ್ದು ನಮ್ಮಕ್ಕ, ಅವರು ತುಂಬಾ..."

ಅಕ್ಕ ಗುಂಡಿ ಒತ್ತಿ ನಿಲ್ಲಿಸಿದಳು.

"ಅದು ಪುಸ್ತಕದಲ್ಲಿಲ್ಲ. ಮೊದಲಿಂದ ಓದು."