ಉಗುರುಬೆಚ್ಚಗಿನ ನೀರು

ನನ್ನ ಚಿಕ್ಕಮ್ಮನಿಗೆ ಕುದಿಯುವ ನೀರಿನ ಮೇಲೆ ಇದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ತೊಟ್ಟಿಯಿಂದ ಹಬೆ ಏಳದಿದ್ದರೆ ಅದು ಒಗೆತವೇ ಅಲ್ಲ ಎನ್ನುವಳು. ಕೈಕೆಳಗಿನ ಐದು ಜನ ಹೆಂಗಸರಿಗೂ ಅದನ್ನೇ ಕಲಿಸಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊದಲೆಲ್ಲ ರಕ್ತದ ಕಲೆಗೆ ಬ್ಲೀಚಿಂಗ್ ಪುಡಿ ಸುರಿದು ಬ್ರಷ್ಷಿನಲ್ಲಿ ತಿಕ್ಕುತ್ತಿದ್ದರು. ಕಲೆಯ ಜೊತೆ ಬಟ್ಟೆಯೂ ಹೋಗುತ್ತಿತ್ತು. ಅದಕ್ಕೇ ಆಸ್ಪತ್ರೆಯವರು ಕಿಣ್ವ ಬೆರೆಸಿದ ಹೊಸ ಪುಡಿ ತರಿಸಿದರು. ಚೀಲದ ಮೇಲಿನ ಬರಹವನ್ನು ಓದುವ ತಾಳ್ಮೆ ಯಾರಿಗಿತ್ತು? ಚಿಕ್ಕಮ್ಮ ಅದನ್ನೂ ಕುದಿಯುವ ನೀರಿಗೇ ಹಾಕಿದಳು. ಹಾಸುಬಟ್ಟೆಗಳ ಮೇಲೆಲ್ಲ ಕಂದು ಮಚ್ಚೆ ಉಳಿಯಿತು. ಎರಡು ವಾರ ನೋಡಿದ ಮೇಲ್ವಿಚಾರಕರು, ಶನಿವಾರದೊಳಗೆ ಸರಿಹೋಗದಿದ್ದರೆ ಒಗೆತವನ್ನು ಹೊರಗಿನವರಿಗೆ ಕೊಡುವುದಾಗಿ ಹೇಳಿದರು. ಅಂದರೆ ಆರು ಜನರ ಕೆಲಸ ಹೋದಂತೆ.

ಅಂದು ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದು, ಪುಡಿಯ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಏನಿದು ದರಿದ್ರ ಪುಡಿ? ನೀನು ಶಾಲೇಲಿ ವಿಜ್ಞಾನ ಹೇಳ್ತೀಯಲ್ಲ, ನೀನೇ ನೋಡು."

ಚೀಲದ ಹಿಂಭಾಗ ಓದಿದೆ. ಉಗುರುಬೆಚ್ಚಗಿನ ನೀರಲ್ಲಷ್ಟೇ ಬಳಸಿ, ಕುದಿಸಬೇಡಿ ಎಂದು ದಪ್ಪಕ್ಷರದಲ್ಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ತುದಿನಾಲಿಗೆಗೆ ಬಂತು. ನನ್ನ ಸಿಟ್ಟಿಗೆ ಅದು ತಕ್ಕ ಮಾತೇ. ಆದರೆ ಅವಳ ಮುಖ ಬಾಡಿತ್ತು, ನುಂಗಿಕೊಂಡೆ. ಮಗಳ ಮಣಿಸರ ತಂದು ಮೇಜಿನ ಮೇಲೆ ಹರವಿದೆ.

"ನೋಡು ಚಿಕ್ಕಮ್ಮ, ಪ್ರೋಟೀನ್ ಅಂದ್ರೆ ಇಂಥ ಸರ. ಇಪ್ಪತ್ತು ಥರದ ಮಣಿ. ಯಾವುದರ ಪಕ್ಕ ಯಾವುದು ಅನ್ನೋದರ ಮೇಲೆ ಸರ ತಾನಾಗೇ ಮಡಚಿಕೊಳ್ಳುತ್ತೆ." ಸರವನ್ನು ಸುತ್ತಿ ಉಂಡೆ ಮಾಡಿ, ನಡುವೆ ಬೆರಳಿನಿಂದ ಗುಳಿ ಒತ್ತಿದೆ. "ಕಿಣ್ವಾನೂ ಪ್ರೋಟೀನೇ. ಅದರ ಕೆಲಸವೆಲ್ಲ ಈ ಗುಳೀಲಿ. ರಕ್ತದ ಪ್ರೋಟೀನಿನ ಎಳೆ ಇಲ್ಲಿ ಬಂದು ಕೂರುತ್ತೆ, ಕತ್ತರಿಗೆ ಸಿಕ್ಕ ಹಾಗೆ ತುಂಡಾಗುತ್ತೆ, ಹೋಗುತ್ತೆ. ಕಿಣ್ವ ಸವೆಯಲ್ಲ. ಇನ್ನೊಂದನ್ನ ಹಿಡಿಯುತ್ತೆ."

"ಒಳ್ಳೆ ಕೆಲಸದವಳು. ಮತ್ತೆ ನನ್ನ ಹತ್ರ ಯಾಕೆ ಸೋಮಾರಿ ಆದ್ಲು?"

"ಕುದಿಸಿದೆಯಲ್ಲ." ಉಂಡೆಯನ್ನು ಬಿಚ್ಚಿದೆ. "ಮಣಿ ಅವೇ, ದಾರ ಅದೇ. ಗುಳಿ ಎಲ್ಲಿ?"

ಚಿಕ್ಕಮ್ಮ ಸರವನ್ನೇ ನೋಡಿದಳು. "ಹಾಗಾದ್ರೆ ರಕ್ತದ ಪ್ರೋಟೀನು?"

"ಅದೂ ಬಿಚ್ಚಿಕೊಂಡು, ಒಂದಕ್ಕೊಂದು ಸಿಕ್ಕಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತೆ. ಬೆಂದ ಮೊಟ್ಟೆ ಥರ, ಮತ್ತೆ ನೀರಾಗಲ್ಲ."

ಅವಳು ಬಿಚ್ಚಿದ ಸರವನ್ನು ಕೈಗೆತ್ತಿಕೊಂಡಳು. "ಅಂದ್ರೆ ಕತ್ತರೀನೂ ನಾನೇ ಹಾಳು ಮಾಡಿದೆ, ಕಲೇನೂ ನಾನೇ ಅಂಟಿಸಿದೆ" ಎಂದಳು. ಪಾಪ ಅನಿಸಿತು. ಕೊನೆಗೆ ಕುದಿಸುವುದು ಬೇಕೇ ಬೇಕು, ರೋಗಾಣು ಸಾಯಲು. ಆದರೆ ಮೊದಲು ಉಗುರುಬೆಚ್ಚಗಿನ ನೀರಿಗೆ ಈ ಪುಡಿ ಹಾಕಿ ಒಂದು ಗಂಟೆ ನೆನೆಸಬೇಕು, ತಿಕ್ಕಬಾರದು ಎಂದೆ.

ಶನಿವಾರ ನಾನೂ ಜೊತೆಗೆ ಹೋದೆ. ಹೊಸ ಕಲೆಯ ಹತ್ತು ಹಾಸುಬಟ್ಟೆಗಳನ್ನು ನೆನೆಸಿದಳು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ಮೂರು ಸಲ ನೋಡಿದಳು. ಒಂದು ಗಂಟೆ ಕೈಕಟ್ಟಿ ಕೂರುವುದೇ ಅವಳಿಗೆ ಶಿಕ್ಷೆ. ಎರಡು ಸಲ ಬ್ರಷ್ಷಿಗೆ ಕೈಹಾಕಿದಳು, ಎರಡು ಸಲವೂ ಗದರಿಸಿದೆ.

ಕುದಿಸಿ ಒಣಗಿಸಿದ ಮೇಲೆ ಮೇಲ್ವಿಚಾರಕರು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು. ಕಲೆ ಸಿಗಲಿಲ್ಲ.

"ಹಾಗಾದ್ರೆ ಆ ಮೊದಲಿನ ಚೀಲಗಳೇ ಕೆಟ್ಟಿದ್ವು ಅನ್ಸುತ್ತೆ" ಎಂದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಚಿಕ್ಕಮ್ಮ ಹೆಂಗಸರ ಕಡೆ ಒಮ್ಮೆ ನೋಡಿದಳು.

"ಪುಡಿ ಚೆನ್ನಾಗೇ ಇತ್ತು, ಸಾರ್. ಕುದಿಸಿದ್ದು ನಾನು. ಇವರಿಗೆ ಹಾಗೆ ಕಲಿಸಿದ್ದೂ ನಾನೇ, ಇವರದ್ದೇನೂ ತಪ್ಪಿಲ್ಲ."

ಮೇಲ್ವಿಚಾರಕರು ಹಾಸುಬಟ್ಟೆ ಮಡಚಿ ಅವಳ ಕೈಗಿತ್ತರು. "ಸೋಮವಾರದಿಂದ ಮತ್ತೆ ಸರಿಯಾಗಿ ಕಲಿಸಿ" ಎಂದು ಹೊರಟುಹೋದರು.