ಇನ್ನರ್ಧ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಹಿಡಿಯುವ ಅಧಿಕಾರ ಒಬ್ಬರಿಗೇ, ನನ್ನ ಅತ್ತಿಗೆಗೆ. ಅಣ್ಣ ಯಜಮಾನನಾಗಿರುವುದು ಬೋರ್ಡಿನ ಮೇಲೆ ಮಾತ್ರ. ಅವನು ಮಷೀನು ತುಳಿಯುತ್ತಾನೆ, ನಾನು ಗುಂಡಿ, ಕಾಜಾ, ಇಸ್ತ್ರಿ ನೋಡಿಕೊಳ್ಳುತ್ತೇನೆ, ಗಿರಾಕಿಗಳ ಜೊತೆ ಜಗಳ ಆಡುವ ಕೆಲಸ ಅಮ್ಮನದು. ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕರಕರ ಕತ್ತರಿಸುವವಳು ಅತ್ತಿಗೆ. ಆಡಿಕೊಳ್ಳುವುದರಲ್ಲೂ ಎತ್ತಿದ ಕೈ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಂಡಸರಿಗೆ, ಪ್ಯಾಂಟು ಹಾಕಿಕೊಂಡ ಮೇಲೂ ಉಸಿರಾಡುವ ಯೋಚನೆ ಇದೆಯಾ ಎಂದು ನಗದೆ ಕೇಳುತ್ತಾಳೆ.

ಇಂಥವಳು ಕೆಲವು ವರ್ಷಗಳ ಹಿಂದೆ ಮಾತನ್ನೇ ನಿಲ್ಲಿಸಿಬಿಟ್ಟಿದ್ದಳು. ಯಾರೂ ಏನೂ ಅಂದಿರಲಿಲ್ಲ, ಮನೆಯಲ್ಲಿ ಏನೂ ಆಗಿರಲಿಲ್ಲ. ಬೆಳಿಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತರೆ ಮಧ್ಯಾಹ್ನವಾದರೂ ಅಲ್ಲೇ ಕೂತಿರುತ್ತಿದ್ದಳು. ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಅವರನ್ನು ನಾವೆಲ್ಲ ಡಾಕ್ಟರಮ್ಮ ಅನ್ನುತ್ತೇವೆ. ಇದು ಖಿನ್ನತೆ, ಸೋಮಾರಿತನ ಅಲ್ಲ ಎಂದು ಅವರು ಅಮ್ಮನ ಕಡೆ ನೋಡಿಯೇ ಹೇಳಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ತಿಂಗಳುಗಳೇ ಹಿಡಿದವು. ಆದರೂ ನಮ್ಮ ಅತ್ತಿಗೆ ನಮಗೆ ವಾಪಸು ಸಿಕ್ಕಳು.

ಆಮೇಲೆ ಅವಳು ಬಸುರಿಯಾದಳು. ಅಣ್ಣ ಖುಷಿಯಲ್ಲಿ ಯಾರದೋ ಅಂಗಿಗೆ ಬೇರೆ ಯಾರದೋ ಕಾಲರು ಹಚ್ಚಿಟ್ಟ. ಅಮ್ಮ ಮಾತ್ರ ಮೊದಲ ದಿನವೇ ಶುರು ಹಚ್ಚಿಕೊಂಡಳು: ಸಾಕಿನ್ನು ಆ ಮಾತ್ರೆ, ಹೊಟ್ಟೆಯಲ್ಲಿರುವ ಕೂಸಿಗೆ ಯಾಕೆ ಔಷಧಿ, ನಾವೇನು ಮಾತ್ರೆ ನುಂಗಿ ಹೆತ್ತೆವಾ. ಬಟ್ಟೆ ಕೊಡಲು ಬಂದವರು, ಕೊಂಡೊಯ್ಯಲು ಬಂದವರು, ಸುಮ್ಮನೆ ಫ್ಯಾನಿನ ಕೆಳಗೆ ಕೂರಲು ಬಂದವರು, ಎಲ್ಲರೂ ಮೂಗು ತೂರಿಸಿದರು. ಊರಿನಲ್ಲಿ ಇಷ್ಟೊಂದು ಜನ ವೈದ್ಯಕೀಯ ಓದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಅತ್ತಿಗೆ ವಾದಕ್ಕೆ ನಿಲ್ಲಲಿಲ್ಲ. ಅಮ್ಮನನ್ನೇ ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಅವರು ಎರಡೂ ಕಡೆ ತೂಗಿ ಹೇಳಿದರು. ಮಾತ್ರೆಯಿಂದ ಅಪಾಯವೇ ಇಲ್ಲ ಅಂತಲ್ಲ, ಆದರೆ ಇವಳ ಮಟ್ಟಿಗೆ ಅದು ಸಣ್ಣದು. ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ದೊಡ್ಡದು, ಅದು ತಾಯಿಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಹೆರಿಗೆ ಡಾಕ್ಟರರ ಜೊತೆ ಮಾತಾಡಿಕೊಂಡೇ ನೋಡಿಕೊಳ್ಳುತ್ತೇನೆ, ನಿಮ್ಮಷ್ಟಕ್ಕೆ ನೀವು ಮಾತ್ರೆ ನಿಲ್ಲಿಸಬೇಡಿ ಅಂದರು. ಅಮ್ಮ ಮುಖ ಗಂಟಿಕ್ಕಿಕೊಂಡೇ ಕೂತಿದ್ದಳು. ಆಗ ಅತ್ತಿಗೆ ಅವಳ ಕೈ ಹಿಡಿದುಕೊಂಡಳು.

"ಅತ್ತೆ, ಮಗು ಬರೋ ಹೊತ್ತಿಗೆ ನಾನು ಇರ್ಬೇಕು. ಬರೀ ಮೈ ಅಲ್ಲ, ನಾನು."

ಅಮ್ಮ ಒಪ್ಪಿದೆ ಅನ್ನಲಿಲ್ಲ, ಆದರೆ ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಳು.

ಹೊಟ್ಟೆ ಮುಂದೆ ಬಂದ ಹಾಗೆ ಅತ್ತಿಗೆಗೆ ಕತ್ತರಿಸುವ ಮೇಜು ದೂರವಾಗತೊಡಗಿತು. ಅಡ್ಡ ನಿಂತು ಕತ್ತರಿಸುವುದನ್ನು ಅಭ್ಯಾಸ ಮಾಡಿಕೊಂಡಳು. ಏಳನೇ ತಿಂಗಳಲ್ಲಿ ಯಾಕೋ ಮತ್ತೆ ಬೆಳಗುಗಳು ಭಾರ ಅನ್ನಿಸುತ್ತಿವೆ ಎಂದು ಅವಳೇ ಡಾಕ್ಟರಮ್ಮನಿಗೆ ಹೇಳಿದಳು. ಹೆರಿಗೆ ಡಾಕ್ಟರರನ್ನು ಕೇಳಿ ಫೋನು ಮಾಡುತ್ತೇನೆ ಅಂದಿದ್ದರು. ಫೋನು ಬಂದಾಗ ಅಣ್ಣ ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಷೀನು ಓಡಿಸುತ್ತಲೇ ಹೂಂಗುಟ್ಟಿದ. ಅವರು ಹೇಳಿದ್ದು ಒಂದೇ ಮಾತು: ಇನ್ನರ್ಧ ಮಾತ್ರೆ ಕೊಡಿ.

ಇನ್ನರ್ಧ ಅಂದರೆ ಇನ್ನೂ ಅರ್ಧ ಅಂತಲೂ ಆಯಿತು, ಇನ್ನು ಮೇಲೆ ಅರ್ಧ ಅಂತಲೂ ಆಯಿತು. ನಮ್ಮಣ್ಣ ಎರಡನೆಯದನ್ನು ಹಿಡಿದುಕೊಂಡ, ಅಮ್ಮನ ಮಾತು ಕೇಳಿ ಕೇಳಿ ಅವನಿಗೂ ಬೇಕಾಗಿದ್ದದ್ದು ಅದೇ. ಡಾಕ್ಟರೇ ಕಡಿಮೆ ಮಾಡಿದರು ಎಂದು ಅಮ್ಮನ ಮುಖ ಊರಗಲವಾಯಿತು. ಅತ್ತಿಗೆಗೆ ವಿಚಿತ್ರ ಅನ್ನಿಸಿತಂತೆ. ಆದರೂ ಡಾಕ್ಟರಮ್ಮ ಹೇಳಿದ ಮೇಲೆ ಮುಗಿಯಿತು ಎಂದು ಮಾತ್ರೆಯನ್ನು ಮುರಿದು ಅರ್ಧ ನುಂಗಿದಳು. ದಿನಾ ಅರ್ಧವೇ ನುಂಗಿದಳು.

ಒಂದು ಮಧ್ಯಾಹ್ನ ಅವಳು ಕತ್ತರಿಸಿಕೊಟ್ಟ ಅಂಗಿಗೆ ಎರಡೂ ಎಡತೋಳೇ ಬಂದಿದ್ದವು. ಅಣ್ಣ ಅವನ್ನು ಎತ್ತಿ ಹಿಡಿದು ನಕ್ಕ, ನಾನೂ ನಕ್ಕೆ. ಅವಳು ನಗಲಿಲ್ಲ. ಸೀಮೆಸುಣ್ಣ ಬೆರಳಲ್ಲೇ ಇತ್ತು, ಕಣ್ಣು ಗೋಡೆಯ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಫೋನು ಕೈಗೆತ್ತಿಕೊಂಡಿದ್ದಳು.

ಅರ್ಧ ಸೇರಿಸಿ ಅಂದೆ, ಕಳೆಯಿರಿ ಅನ್ನಲಿಲ್ಲ ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡರು. ಹೊಟ್ಟೆ ಬೆಳೆದ ಹಾಗೆ ಮೈಯಲ್ಲಿ ರಕ್ತ, ನೀರು ಎಲ್ಲ ಹೆಚ್ಚುತ್ತದೆ, ಕೆಲವರಿಗೆ ಹಳೆಯ ಪ್ರಮಾಣ ಸಾಲುವುದಿಲ್ಲ ಎಂದು ವಿವರಿಸಿದರು. ಅಮ್ಮನಿಗೆ ತಟ್ಟನೆ ಅರ್ಥವಾಯಿತು.

"ಓ, ಹಾಗಾದ್ರೆ ಮಾತ್ರೇನ ಸ್ವಲ್ಪ ಬಿಡ್ಬೇಕು ಅನ್ನಿ."

ನಮ್ಮ ಅಂಗಡಿಯಲ್ಲಿ ಬಿಡುವುದು ಅಂದರೆ ಬಿಗಿಯಾದ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಡಾಕ್ಟರಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ಬಿಡಬೇಡಿ, ಬಿಡಬೇಡಿ ಎಂದು ಅವರು ಕೂಗಿದ್ದು ಇಸ್ತ್ರಿ ಮೇಜಿನವರೆಗೂ ಕೇಳಿಸಿತು. ಕೊನೆಗೆ, ನಿಮ್ಮ ಮನೆಯವರ ಜೊತೆ ಫೋನಿನ ಸಹವಾಸವೇ ಬೇಡ, ಈಗಲೇ ಕರೆದುಕೊಂಡು ಬನ್ನಿ ಅಂದರು. ಹೋದೆವು. ಮೊದಲು ಒಂದು, ಆಮೇಲೆ ಒಂದೂವರೆ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ದಾರಿಯುದ್ದಕ್ಕೂ ಅಣ್ಣನಿಗೆ ಅಮ್ಮನಿಂದ ಮಂಗಳಾರತಿ ಆಯಿತು.

ಕೆಲವು ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡಿದೆವು. ಬೆಳಿಗ್ಗೆ ನೀರಿನ ಲೋಟ, ಮಾತ್ರೆ ಹಿಡಿದು ಅತ್ತಿಗೆಯ ಮುಂದೆ ನಿಲ್ಲುತ್ತಿದ್ದವಳು ಅಮ್ಮ. ಆಮೇಲೊಂದು ದಿನ ಅತ್ತಿಗೆ, ಕಾಲರು ಸೊಟ್ಟಗೆ ಹೊಲಿದಿದ್ದೀರಿ ಎಂದು ಅಣ್ಣನಿಗೆ ಚೆನ್ನಾಗಿ ಬೈದಳು. ಬೈಸಿಕೊಂಡು ಅಷ್ಟು ಹಿಗ್ಗಿದ ಗಂಡಸನ್ನು ನಾನು ಕಂಡಿಲ್ಲ.

ಹೆಣ್ಣು ಮಗು ಹುಟ್ಟಿತು. ಮೊದಲೆರಡು ದಿನ ಸ್ವಲ್ಪ ಬೆಚ್ಚುತ್ತಿತ್ತು, ರಗಳೆ ಮಾಡುತ್ತಿತ್ತು. ಹೀಗಾಗಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಮಕ್ಕಳ ಡಾಕ್ಟರು ಕಣ್ಣಿಟ್ಟಿದ್ದರು, ಆಮೇಲೆ ತಾನಾಗಿ ಸರಿಹೋಯಿತು. ಅತ್ತಿಗೆ ಮಗುವನ್ನು ಎದೆಗೆ ಒರಗಿಸಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದಳು. ಎಷ್ಟು ಕಾಯಿಸಿದೆಯಲ್ಲೇ, ಯಾರ ಮೂಗೇ ಇದು, ನಿಮ್ಮಪ್ಪನದಾದರೆ ವಾಪಸು ಕೊಟ್ಟುಬಿಡು ಅಂತ. ಅಮ್ಮ ವಾರ್ಡಿನ ಬಾಗಿಲಲ್ಲೇ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೊರಗಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತಳು. ಅವಳು ಅಳುತ್ತಿದ್ದಳು. ಏನಾಯಿತಮ್ಮ ಎಂದು ಕೇಳಿದೆ.

"ನೀನು ಹುಟ್ಟಿದಾಗ ನಂಗೂ ಹಾಗೇ ಆಗಿತ್ತು ಕಣೇ. ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಕಾಯಿಲೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ನಂಗೂ ಗೊತ್ತಾಗ್ಲಿಲ್ಲ. ಎಷ್ಟೋ ತಿಂಗ್ಳು ನಿನ್ನ ಮುಖಾನೇ ಸರಿಯಾಗಿ ನೋಡ್ಲಿಲ್ಲ."

ಸುಮ್ಮನಿರುವ ಬಾಯಿಯಲ್ಲ ನನ್ನದು.

"ಇಲ್ಲೇ ಇದೀನಲ್ಲಮ್ಮ, ಈಗ ನೋಡು" ಅಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿಕೊಂಡು ನೋಡಿದಳು.