ಆ ಶಾಖ ಎಲ್ಲಿ ಹೋಯಿತು?

ಬಾಣಂತಿ ಓದಬಾರದು, ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಅವ್ವನ ಕಟ್ಟಪ್ಪಣೆ. ತೊಂಬತ್ತರ ದಶಕದ ಕೊನೆ. ತಿ. ನರಸೀಪುರದ ತವರುಮನೆಯ ಕತ್ತಲೆ ಕೋಣೆಯಲ್ಲಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದೆ. ಪಕ್ಕದಲ್ಲಿ ಮಗಳು. ತಲೆಯಲ್ಲಿ ಮಾತ್ರ ಪರೀಕ್ಷಕರ ಒಂದು ಪ್ರಶ್ನೆ.

ನನ್ನ ಪಿಎಚ್.ಡಿ. ವಿಷಯ ಹೇಳಿದರೆ ನೆಂಟರು ಮಾತು ಬದಲಿಸುತ್ತಿದ್ದರು. ಒತ್ತಡದಲ್ಲಿರುವ ಅನಿಲವನ್ನು ಸಣ್ಣ ತೂತಿನಿಂದ ನಿರ್ವಾತಕ್ಕೆ ಬಿಟ್ಟರೆ ಅದು ಒಮ್ಮೆಲೇ ಹರಡಿ ತಣ್ಣಗಾಗುತ್ತದೆ. ಅಣುಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಆ ಗುಂಪುಗಳು ಎಷ್ಟು ಬೆಳೆಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅಂಟಿಕೊಳ್ಳುವಾಗ ಶಾಖ ಹೊರಬಂದು ಸುತ್ತಲಿನ ಅನಿಲ ತುಸು ಬಿಸಿಯಾಗಬೇಕು. ನನ್ನ ನಕ್ಷೆಯಲ್ಲಿ ಉಷ್ಣಾಂಶ ಇಳಿಯುತ್ತಲೇ ಹೋಗಿತ್ತು. "ಆ ಶಾಖ ಎಲ್ಲಿ ಹೋಯಿತು?" ಎಂದು ಪರೀಕ್ಷಕರು ಕೇಳಿದ್ದರು. ಉತ್ತರವಿಲ್ಲದಿದ್ದರೆ ಪ್ರಬಂಧ ವಾಪಸ್. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತೆಂದು ಹೆದರಿ ತಟ್ಟೆಯ ಅನ್ನವನ್ನು ಹಾಗೇ ಬಿಟ್ಟೇಳುತ್ತಿದ್ದೆ.

ಕಂಪ್ಯೂಟರ್ ನಂಜನಗೂಡಿನ ನಮ್ಮ ಮನೆಯಲ್ಲಿ, ಗಂಡನ ಸುಪರ್ದಿನಲ್ಲಿ. ಅವ್ವ ಬಟ್ಟೆ ಒಗೆಯಲು ಹೋದಾಗ ಕಳ್ಳಿಯ ಹಾಗೆ ನಡುಮನೆಯ ಫೋನಿಗೆ ಹೋದೆ. ಹತ್ತಿ ಕಿತ್ತು, ಪ್ರೋಗ್ರಾಮಿನ ಸಾಲುಗಳನ್ನು ಅವರಿಂದ ಓದಿಸಿದೆ. ಒಂದು ಕಡೆ, ಕೂಡಬೇಕಾದ ಶಾಖವನ್ನು ಕಳೆದುಬಿಟ್ಟಿದ್ದೆ.

"ಅಲ್ಲಿ ಪ್ಲಸ್ ಹಾಕಿ ಓಡ್ಸಿ. ಬಿಸಿ ಏರಿದ್ರೆ ಬದುಕ್ದೆ. ಏರ್ಲಿಲ್ಲ ಅಂದ್ರೆ ಬುಡದಿಂದ್ಲೇ ತಪ್ಪು."

"ಕರೆಂಟ್ ಇದ್ರೆ ಮಧ್ಯಾಹ್ನಕ್ಕೆ ಗೊತ್ತಾಯ್ತದೆ," ಅಂದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. "ಅಸಿ ಬಾಣ್ತಿ ಮೈಯಲ್ಲಿ ಫೋನಾ? ಗಾಳಿ ಸೇರ್ಕಂಡ್ರೆ ಯಾರವ್ವ ನೋಡೋರು? ಓಗು ಒಳಕ್ಕೆ!"

ಆಮೇಲೆ ಫೋನಿನ ಕಡೆ ಸುಳಿಯಲು ಬಿಡಲಿಲ್ಲ. ಎಣ್ಣೆ ಹಚ್ಚಿ, ಸುಡುಸುಡು ನೀರು ಹುಯ್ದು, ಹೊದಿಸಿ ಮಲಗಿಸಿದಳು. ಹೆತ್ತವಳೇ ಹಗೆಯಾದಳಲ್ಲ ಅನ್ನುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಿದ್ದೆ ಹೋದೆ.

ಎದ್ದಾಗ ಬಿಸಿಲು ಇಳಿದಿತ್ತು. ಅವ್ವ ಅನ್ನದ ತಟ್ಟೆ ಹಿಡಿದು ಕೂತಿದ್ದಳು.

"ಏರ್ತಂತೆ ಕಣವ್ವ."

"ಏನು?"

"ಅದೇ, ನಿನ್ ಬಿಸಿ. ನಾನೇ ಅಳಿಯಂದ್ರಿಗೆ ಫೋನ್ ಮಾಡಿ ಕೇಳ್ದೆ. ಮೊದ್ಲು ಕರೆಂಟ್ ಓಗಿತ್ತಂತೆ. ಇನ್ನೊಂದ್ ಸಲ ಮಾಡ್ದೆ, ಏರ್ತು ಅಂದ್ರು."

"ಎಷ್ಟು ಏರ್ತವ್ವ?"

"ಅದ್ನೆಲ್ಲ ನಾನೇನ್ ಕೇಳ್ಲಿ? ಏರ್ಲಿಲ್ಲ ಅಂದ್ಬುಟ್ರೆ ನಿಂಗ್ ಎಂಗಪ್ಪ ಏಳೋದು ಅಂತ ನಂಗೇ ಯೋಚ್ನೆ ಆಗೋಗಿತ್ತು. ಉಣ್ಣು ಈಗ."